ಸ್ಟುಡಿಯೋ ಫೋಟೋ ಮರೆಯಾಗಿದ್ದು ಮೊಬೈಲ್ ಒಂದರಿಂದಲೇ ಅಲ್ಲ

ಮೊಬೈಲ್ ಬಂದು ಫೋಟೋ ಸ್ಟುಡಿಯೋ ಮುಚ್ಚಿಸಿತು ಅನ್ನುವುದು ಬಳ್ಳಾರಿಯಲ್ಲೂ ಎಲ್ಲರ ಬಾಯಲ್ಲಿರುವ ಮಾತು. ಸುಳ್ಳೇನಲ್ಲ. ಆದರೆ ಈ ಕಸುಬಿಗೆ ಪೆಟ್ಟು ಬೀಳಲು ಶುರುವಾಗಿದ್ದು ಅದಕ್ಕೂ ಎಷ್ಟೋ ಮುಂಚೆ.

ಈ ಸೀಮೆಗೆ ಕ್ಯಾಮೆರಾ ಬಂದಿದ್ದು ಬಹಳ ಬೇಗ. 1856ರಲ್ಲೇ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯ ಫೋಟೋ ತೆಗೆದಿದ್ದ. ಆಗ ಮೇಣ ಸವರಿದ ಕಾಗದವೇ ನೆಗೆಟಿವ್, ಅಂದರೆ ಪ್ರಿಂಟ್ ತೆಗೆಯಲು ಬೇಕಾದ, ಕಪ್ಪು ಬಿಳುಪು ಅದಲುಬದಲಾದ ಮೂಲ ಚಿತ್ರ. ಅದಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಅಷ್ಟು ಹೊತ್ತು ಮಿಸುಕದೆ ನಿಲ್ಲಲು ಕಲ್ಲಿನ ರಥಕ್ಕೇ ಸಾಧ್ಯ, ಅಲ್ವಾ? (ಆ ಫೋಟೋದಲ್ಲಿ ರಥದ ಮೇಲೆ ಇಟ್ಟಿಗೆಯ ಗೋಪುರ ಕಾಣುತ್ತದೆ. ಈಗ ಅದಿಲ್ಲ.)

ಮನುಷ್ಯರ ಮುಖದ ಸರದಿ ಆಮೇಲಿನದು. ಗಂಡ ಕುರ್ಚಿಯಲ್ಲಿ, ಹೆಂಡತಿ ಪಕ್ಕದಲ್ಲಿ ನಿಂತು, ಹಿಂದೆ ಬಣ್ಣ ಬಳಿದ ಪರದೆ. ಒಂದು ಜೀವಕ್ಕೆ ಮೂರ್ನಾಲ್ಕು ಫೋಟೋ ಆದರೆ ಜಾಸ್ತಿ. ಕಪ್ಪು ಬಿಳುಪಿನ ಕಾಲದಲ್ಲಿ ಎಲ್ಲ ಕೆಲಸವೂ ಸ್ಟುಡಿಯೋದವರ ಕೈಯಲ್ಲೇ. ಡಾರ್ಕ್ ರೂಮಿನ ಕೆಂಪು ಬಲ್ಬಿನಡಿ ಕಾಗದವನ್ನು ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರ್‌ನಲ್ಲಿ ಅಲ್ಲಾಡಿಸುತ್ತಿದ್ದರೆ ಮೊದಲು ಕೂದಲು, ಹುಬ್ಬು, ಆಮೇಲೆ ನಿಧಾನಕ್ಕೆ ಕೆನ್ನೆ ಮೂಡುತ್ತಿತ್ತು. ತಡವಾದರೆ ಮುಖವೆಲ್ಲ ಕಪ್ಪು. ಡೆವಲಪರ್ 20 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಬಳ್ಳಾರಿಯ ಬೇಸಿಗೆ 40 ದಾಟುತ್ತದೆ. ಐಸ್ ಇಲ್ಲದೆ ಕೆಲಸ ಸಾಗದು. ಇನ್ನು ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಸಿಡುಬಿನ ಕಲೆ ಮುಚ್ಚುವುದು ಬೇರೆಯದೇ ವಿದ್ಯೆ. ಇವತ್ತಿನ ಬ್ಯೂಟಿ ಫಿಲ್ಟರ್‌ನ ಅಜ್ಜ ಅದು.

ಕಲರ್ ಫಿಲ್ಮ್ ಈ ವಿದ್ಯೆಯನ್ನು ಮೂಲೆಗೆ ತಳ್ಳಿತು. ಅದನ್ನು ತೊಳೆಯುವ ದ್ರಾವಣದ ಬಿಸಿ ಅರ್ಧ ಡಿಗ್ರಿಯೂ ಏರುಪೇರಾಗಬಾರದು. ಅದಕ್ಕೆ ಮೆಷಿನ್ ಬೇಕು, ಮೆಷಿನ್‌ಗೆ ದುಡ್ಡು ಬೇಕು. ರೋಲ್‌ಗಳು ಲ್ಯಾಬ್‌ಗೆ ಹೋದವು, ಸ್ಟುಡಿಯೋದವರಿಗೆ ಉಳಿದಿದ್ದು ಕ್ಲಿಕ್ ಮಾಡುವ ಕೆಲಸ.

ಆದರೂ ಬಾಡಿಗೆ, ಕರೆಂಟ್ ಬಿಲ್ ಹುಟ್ಟುತ್ತಿತ್ತು. ಪಾಸ್‌ಪೋರ್ಟ್ ಸೈಜ್ ಫೋಟೋದಿಂದ. ಶಾಲೆ, ಬ್ಯಾಂಕ್, ರೇಷನ್ ಕಾರ್ಡ್, ಯಾವ ಅರ್ಜಿಗೂ ಎರಡು ಫೋಟೋ ಅಂಟಿಸಲೇಬೇಕು. ಈ ಗಳಿಕೆಗೆ ಕೈ ಹಾಕಿದ್ದು ಸರ್ಕಾರಿ ಕೌಂಟರಿನ ಕ್ಯಾಮೆರಾ ಅಂತ ನನ್ನ ಲೆಕ್ಕ. 2010ರಲ್ಲಿ ಆಧಾರ್ ಶುರುವಾಯಿತು, ಫೋಟೋ ಅಲ್ಲೇ ತೆಗೆದರು. ಪಾಸ್‌ಪೋರ್ಟ್‌ಗೂ ಈಗ ಹಾಗೆಯೇ. ಆನ್‌ಲೈನ್ ಅರ್ಜಿಗೆ ಕೆಬಿ ಲೆಕ್ಕದ ಫೈಲ್ ಸಾಕು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲಂತೂ ಪ್ರಿಂಟ್ ಯಾರಿಗೆ ಬೇಕು?

ಈಗ ಕೈ ಹಿಡಿದಿರುವುದು ಮದುವೆ ಆಲ್ಬಮ್, ಪ್ರಿ-ವೆಡ್ಡಿಂಗ್ ಶೂಟ್. ಮತ್ತೆ ತಿಥಿಯ ಫೋಟೋ. ಮೊಬೈಲ್‌ನಲ್ಲಿ ಸಾವಿರ ಫೋಟೋ ಇದ್ದರೂ ತೀರಿಕೊಂಡ ಅಜ್ಜ ನೆಟ್ಟಗೆ ನೋಡುತ್ತಿರುವುದು ಒಂದೂ ಸಿಗುವುದಿಲ್ಲ. ಯಾರದೋ ಮದುವೆಯ ಊಟದ ಪಂಕ್ತಿಯಿಂದ ಮುಖ ಕತ್ತರಿಸಬೇಕು. ಫೋಟೋಶಾಪ್‌ನಲ್ಲಿ ಕೋಟು ತೊಡಿಸಬೇಕು. ವಾಟ್ಸಾಪ್‌ನಲ್ಲಿ ಹತ್ತು ಕೈ ದಾಟಿ ಬಂದ ಚಿತ್ರ ದೊಡ್ಡದು ಮಾಡಿದರೆ ಕಣ್ಣೆಲ್ಲ ಚೌಕ ಚೌಕ. ಎಐ ಆಪ್‌ಗೆ ಕೊಟ್ಟರೆ ಮುಖ ನುಣುಪಾಗಿ ಬೇರೆ ಯಾರದೋ ಆಗಿ ಬರುತ್ತದೆ.

ಹಳೇ ನೆಗೆಟಿವ್ ಇದ್ದರೆ ಈ ಪಾಡಿಲ್ಲ. ಗೋಡೆಗೆ ಹಾಕುವಷ್ಟು ದೊಡ್ಡ ಪ್ರಿಂಟ್ ಈಗಲೂ ತೆಗೆಯಬಹುದು. ನಿಮ್ಮ ಮನೆ ಟ್ರಂಕಿನಲ್ಲಿ ಇದ್ದರೆ, ನಮ್ಮ ಸೆಕೆಗೆ ಒಂದಕ್ಕೊಂದು ಅಂಟಿಕೊಳ್ಳುವ ಮುಂಚೆ ಸ್ಕ್ಯಾನ್ ಮಾಡಿಸಿಕೊಳ್ಳಿ.