ಹೊಸ ನಾಟಕಕ್ಕೆ ಮೊದಲು ಬೇಕಾದದ್ದು ಓದಿನ ಕಾಲ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹೊಸದಾಗಿ ರಂಗತಂಡ ಕಟ್ಟುವವರು ನನ್ನ ಬಳಿ ಬಂದಾಗ ಸಾಮಾನ್ಯವಾಗಿ ಕೇಳುವುದು, ಯಾವ ನಾಟಕ ಎತ್ತಿಕೊಳ್ಳೋಣ ಎಂದು. ನಿರ್ದೇಶನದ ಜೊತೆಗೆ ಹೊಸ ಹಸ್ತಪ್ರತಿಗಳನ್ನು ಬರಹಗಾರರ ಜೊತೆ ಕುಳಿತು ಬೆಳೆಸುವ ಕೆಲಸವನ್ನೂ ಮಾಡಿಕೊಂಡು ಬಂದಿರುವ ನಾನು ಅವರಿಗೆ ನಾಟಕದ ಹೆಸರು ಹೇಳುವ ಮೊದಲು ಎರಡು ವಿಷಯ ವಿಚಾರಿಸುತ್ತೇನೆ. ತಂಡದಲ್ಲಿ ಯಾರು ಯಾರಿದ್ದಾರೆ, ಅವರ ಮನೆಮಾತು ಯಾವುದು ಎಂಬುದು ಒಂದು. ತಾಲೀಮಿಗೆ ಮೊದಲು ಹಸ್ತಪ್ರತಿಯ ಬರೀ ಓದಿಗಾಗಿ ಎಷ್ಟು ಕಾಲ ಮತ್ತು ಎಷ್ಟು ಹಣ ತೆಗೆದಿಟ್ಟಿದ್ದೀರಿ ಎಂಬುದು ಇನ್ನೊಂದು. ಎರಡನೆಯದಕ್ಕೆ ಹೆಚ್ಚಿನ ತಂಡಗಳಲ್ಲಿ ಉತ್ತರವಿರುವುದಿಲ್ಲ. ನಾನಾ ಸಮುದಾಯಗಳ ಕಲಾವಿದರನ್ನು ಒಳಗೊಂಡು ಹೊಸ ನಾಟಕ ಮಾಡಬೇಕೆಂಬ ಸದುದ್ದೇಶ ಸೋಲುವುದು ಬಹುಮಟ್ಟಿಗೆ ಈ ಜಾಗದಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಎರಡು ಜಿಲ್ಲೆಗಳ ಮಾತಿನ ಸಂಪತ್ತನ್ನು ನೋಡಿ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಕುಟುಂಬಗಳ ವಾಗ್ರಿ ಮಾತು ಗುಜರಾತಿಗೆ ಹತ್ತಿರದ್ದು. ಅರಸೀಕೆರೆ, ಕಡೂರು, ತರೀಕೆರೆ ಕಡೆಯ ತಾಂಡಾಗಳಲ್ಲಿ ಲಂಬಾಣಿ, ಹಾಸನದ ಮೊಹಲ್ಲಾಗಳಲ್ಲಿ ದಖನಿ ಉರ್ದು, ಕೌಶಿಕದಂಥ ಊರುಗಳ ಮನೆಗಳಲ್ಲಿ ಸಂಕೇತಿ, ಮೂಡಿಗೆರೆ, ಕೊಪ್ಪ, ಕಳಸದ ಕಡೆ ತುಳು, ಕೊಂಕಣಿ, ಬ್ಯಾರಿ, ಮಲಯಾಳಂ. ಸಕಲೇಶಪುರದ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ತಮಿಳು ಹಳೆಯದು. ಈಚಿನ ವರ್ಷಗಳಲ್ಲಿ ಅಲ್ಲಿಗೆ ಅಸ್ಸಾಮಿನಿಂದಲೂ ಜಾರ್ಖಂಡ್‌ನಿಂದಲೂ ಬಂದ ಕಾರ್ಮಿಕರ ಮಾತುಗಳು ಸೇರಿಕೊಂಡಿವೆ. ಇವರಲ್ಲಿ ಬಹಳ ಮಂದಿ ಹೊರಗೆ ಕನ್ನಡದಲ್ಲಿ ವ್ಯವಹರಿಸುವವರು, ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವವರು. ಹಾಸನದ ವಕೀಲೆ ಮತ್ತು ಲೇಖಕಿ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಸಂಭ್ರಮಿಸಿದೆವು. ಆ ಕಥೆಗಳಲ್ಲಿ ಬರುವಂಥ ಮುಸ್ಲಿಂ ಓಣಿಗಳ ಬದುಕು ನಮ್ಮ ಊರಿನ ರಂಗದ ಮೇಲೆ ಎಷ್ಟು ಸಲ ಬಂದಿದೆ ಎಂದು ಲೆಕ್ಕ ಹಾಕಿದರೆ ಮಾತ್ರ ಮನಸ್ಸು ಭಾರವಾಗುತ್ತದೆ.

ರಂಗದ ಹಸಿವು ನಮ್ಮಲ್ಲಿಲ್ಲವೆಂದಲ್ಲ. ಚನ್ನರಾಯಪಟ್ಟಣ, ಅರಸೀಕೆರೆ, ಕಡೂರು ಸೀಮೆಯ ಹಳ್ಳಿಗಳಲ್ಲಿ ರಾಗಿ ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ ಪೌರಾಣಿಕ ನಾಟಕಗಳು ಏಳುತ್ತವೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಂದಪದ್ಯ ಕಲಿಸುತ್ತಾರೆ, ಸೀನರಿ ಬಾಡಿಗೆಗೆ ಬರುತ್ತದೆ, ದುರ್ಯೋಧನನ ಪಾತ್ರ ಕಟ್ಟುವವನು ದ್ವಾರಪಾಲಕನಿಗಿಂತ ಹೆಚ್ಚು ಹಣ ತಾನೇ ಹಾಕುತ್ತಾನೆ. ಯಾವ ಇಲಾಖೆಯ ಅನುದಾನವನ್ನೂ ಕಾಯದೆ ಇಡೀ ಊರು ತನ್ನ ರಂಗವನ್ನು ತಾನೇ ಸಾಕಿಕೊಳ್ಳುವ ಈ ವ್ಯವಸ್ಥೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಪಾತ್ರಕ್ಕೆ ಬೆಲೆ ಕಟ್ಟಿದಲ್ಲಿ ಕೂಲಿಯವನಿಗೆ ಸಿಕ್ಕುವುದು ಸಣ್ಣ ಪಾತ್ರವೇ. ಪಠ್ಯ ಮೊದಲೇ ಸಿದ್ಧವಾಗಿರುವುದರಿಂದ ತಾಂಡಾದ ಹುಡುಗನಿಗೆ ಅಲ್ಲಿ ತನ್ನದೊಂದು ಮಾತು ಸೇರಿಸುವ ಅವಕಾಶವೂ ಇಲ್ಲ. ಇನ್ನೊಂದು ದಾರಿಯನ್ನು ತೋರಿಸಿದ್ದು ಸಕಲೇಶಪುರ ತಾಲ್ಲೂಕಿನ ಬೆಳ್ಳೇಕೆರೆ. ಪ್ರಸಾದ್ ರಕ್ಷಿದಿ ಅವರು ಅಲ್ಲಿ ರೈತರನ್ನೂ ತೋಟದ ಕಾರ್ಮಿಕರನ್ನೂ ಕಟ್ಟಿಕೊಂಡು ದಶಕಗಳ ಕಾಲ ನಾಟಕ ಮಾಡಿದ್ದಾರೆ. ನೀನಾಸಮ್‌ನ ತಿರುಗಾಟ 1985ರಿಂದ, ಸಾಣೇಹಳ್ಳಿಯ ಶಿವಸಂಚಾರ 1997ರಿಂದ ಸಂಚಾರಿ ರಂಗತಂಡಗಳಾಗಿ ಊರೂರು ಸುತ್ತಿ ಪ್ರೇಕ್ಷಕರನ್ನು ಬೆಳೆಸಿವೆ; ಅಲ್ಲಿ ತರಬೇತಾದ ನಟರು ನಮ್ಮ ತಾಲ್ಲೂಕುಗಳಲ್ಲೂ ಇದ್ದಾರೆ. ನಮ್ಮಲ್ಲಿ ಕೊರತೆಯಿರುವುದು ಇಲ್ಲಿಯ ಜನರಿಂದಲೇ ಹುಟ್ಟಿದ ಹೊಸ ಪಠ್ಯಗಳದ್ದು.

ಹೊರಗಿನ ಎರಡು ಉದಾಹರಣೆಗಳನ್ನು ಇಲ್ಲಿ ನೆನೆಯಬೇಕು. 1976ರಲ್ಲಿ ಲಂಡನ್ನಿನ ಸೌತಾಲ್‌ನಲ್ಲಿ ಗುರ್ದೀಪ್ ಸಿಂಗ್ ಚಗ್ಗರ್ ಎಂಬ ಯುವಕನ ಜನಾಂಗೀಯ ಹತ್ಯೆಯಾದ ಮೇಲೆ, 1977ರಲ್ಲಿ ಜತಿಂದರ್ ವರ್ಮಾ ಮತ್ತು ಗೆಳೆಯರು ತಾರಾ ಆರ್ಟ್ಸ್ ಎಂಬ ರಂಗತಂಡ ಕಟ್ಟಿದರು. ಕೆನಡಾದ ಮಾಂಟ್ರಿಯಲ್‌ನಲ್ಲಿ 1981ರಲ್ಲಿ ರಾಹುಲ್ ವರ್ಮಾ ಮತ್ತು ರಾಣಾ ಬೋಸ್ ಆರಂಭಿಸಿದ ತೀಸ್ರಿ ದುನಿಯಾ ಮೊದಲು ಹಿಂದಿ ನಾಟಕಗಳನ್ನು ಆಡಿ, ನಂತರ ವಲಸಿಗರ ಬದುಕನ್ನು ಕುರಿತ ಹೊಸ ಇಂಗ್ಲಿಷ್ ನಾಟಕಗಳತ್ತ ತಿರುಗಿತು. ಸಿದ್ಧ ನಾಟಕಗಳಲ್ಲಿ ತಮ್ಮವರಿಗೆ ತಕ್ಕ ಪಾತ್ರಗಳಿಲ್ಲದಿದ್ದಾಗ ಇಂಥ ತಂಡಗಳು ಬರಹಗಾರರನ್ನೇ ಬೆಳೆಸುವ ಜವಾಬ್ದಾರಿ ಹೊತ್ತವು. ನಮ್ಮ ಸನ್ನಿವೇಶ ಬೇರೆಯಾದರೂ ಈ ಜವಾಬ್ದಾರಿ ಬೇರೆಯದಲ್ಲ.

ಓದು ಎಂದರೆ ಪಾತ್ರ ಹಂಚುವ ದಿನದ ವಾಚನವೆಂದು ತಿಳಿಯಬಾರದು. ನಾನು ಅನುಸರಿಸುವ ಕ್ರಮದಲ್ಲಿ ಮೊದಲ ಓದಿಗೆ ಅಭಿನಯವಿರುವುದಿಲ್ಲ. ಎಲ್ಲರೂ ಸುತ್ತ ಕುಳಿತು ಸರದಿಯ ಮೇಲೆ ಓದುತ್ತಾರೆ, ಬರೆದವರು ಸುಮ್ಮನೆ ಕೇಳುತ್ತಾರೆ. ಓದಿದ ಮೇಲೆ ಯಾರೂ ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವಂತಿಲ್ಲ, ಪ್ರಶ್ನೆ ಮಾತ್ರ ಕೇಳಬಹುದು. ಎರಡನೆಯ ಓದಿಗೆ ಓದುವವರು ಬದಲಾಗುತ್ತಾರೆ. ಮೂರನೆಯದನ್ನು ನಾಟಕ ಯಾರ ಬದುಕಿನದೋ ಅವರ ಅಂಗಳದಲ್ಲಿ, ಲೈನ್ ಮನೆಯ ಎದುರೋ ತಾಂಡಾದ ಕಟ್ಟೆಯ ಮೇಲೋ, ಎದ್ದು ನಿಂತು ಓದುತ್ತೇವೆ. ಒಂದು ಓದಿಗೂ ಮುಂದಿನ ಓದಿಗೂ ನಡುವೆ ಬರಹಗಾರರಿಗೆ ಪುನಃ ಬರೆಯಲು ಕೆಲವು ವಾರ ಬೇಕೇ ಬೇಕು.

ಇದರಿಂದ ಏನಾಗುತ್ತದೆ ಎಂಬುದಕ್ಕೆ ಒಂದು ದೃಶ್ಯವನ್ನು ಹತ್ತಿರದಿಂದ ತೋರಿಸುತ್ತೇನೆ. ಹಾಸನದ ಒಂದು ಮೊಹಲ್ಲಾದಲ್ಲಿ ನಡೆಯುವ ನಾಟಕ. ಮಗಳನ್ನು ಕಾಲೇಜು ಬಿಡಿಸಬೇಕೆಂದು ಮನೆಯವರು ನಿರ್ಧರಿಸಿದ್ದಾರೆ, ತಾಯಿ ಅದನ್ನು ಮಗಳಿಗೆ ತಿಳಿಸಬೇಕು. ಹಸ್ತಪ್ರತಿಯಲ್ಲಿ ತಾಯಿ ಶುದ್ಧ ಬರಹದ ಕನ್ನಡದಲ್ಲಿ ಅರ್ಧ ಪುಟ ಬುದ್ಧಿ ಹೇಳುತ್ತಿದ್ದಳು. ಓದಲು ಕುಳಿತಿದ್ದ, ಅದೇ ಬಗೆಯ ಓಣಿಯಲ್ಲಿ ಬೆಳೆದ ಯುವತಿಯೊಬ್ಬರು ಒಂದೇ ಪ್ರಶ್ನೆ ಕೇಳಿದರು: ಈ ಮಾತು ನಡೆಯುವಾಗ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ? ಬಾಗಿಲಲ್ಲಿ ಪಕ್ಕದ ಮನೆಯ ಗೌಡರ ಹೆಂಗಸು ನಿಂತಿದ್ದರೆ ತಾಯಿ ಕನ್ನಡದಲ್ಲಿ ನಗುನಗುತ್ತಾ ಮಾತಾಡುತ್ತಾಳೆ, ಅವರು ಹೋದ ಕೂಡಲೇ ಮಗಳ ಕಡೆ ತಿರುಗಿ ದಖನಿಯಲ್ಲಿ ‘ನಕ್ಕೋ ಜಾ’ (ಹೋಗಬೇಡ) ಅನ್ನುತ್ತಾಳೆ, ಅಷ್ಟೇ ಸಾಕು, ಬುದ್ಧಿಮಾತು ಯಾಕೆ ಎಂದರು. ಬರೆದವರು ಮುಂದಿನ ಓದಿಗೆ ದೃಶ್ಯವನ್ನೇ ಹೊಸದಾಗಿ ಕಟ್ಟಿಕೊಂಡು ಬಂದರು. ಈಗ ಅದರಲ್ಲಿ ನೆರೆಯವಳು ಮಜ್ಜಿಗೆ ಕೇಳಲು ಬಂದು ನಿಲ್ಲುತ್ತಾಳೆ. ತಾಯಿ ಅವಳೊಡನೆ ಮಗಳ ಪರೀಕ್ಷೆಯ ಅಂಕಗಳ ಬಗ್ಗೆ ಹೆಮ್ಮೆಯಿಂದಲೇ ಮಾತಾಡುತ್ತಾಳೆ. ಬಾಗಿಲು ಹಾಕಿದ ಮೇಲೆ ಎರಡು ದಖನಿ ಶಬ್ದಗಳಲ್ಲಿ ವಿಷಯ ಮುಗಿದುಹೋಗುತ್ತದೆ. ಮಗಳ ಪಾತ್ರಕ್ಕೆ ಅಲ್ಲಿ ಒಂದು ಮಾತೂ ಇಲ್ಲ. ತಾಯಿ ಕನ್ನಡದಿಂದ ದಖನಿಗೆ ಹೊರಳುವ ಆ ಕ್ಷಣದಲ್ಲಿ ಅರ್ಧ ಪುಟದ ಭಾಷಣ ಹೇಳಲಾರದ್ದೆಲ್ಲ ಪ್ರೇಕ್ಷಕನಿಗೆ ತಲುಪುತ್ತದೆ.

ತೋಟದ ನಾಟಕವೊಂದರಲ್ಲಿಯೂ ಹೀಗೆಯೇ ಆಯಿತು. ಸಂಜೆ ಕಾಫಿ ಹಣ್ಣಿನ ಚೀಲ ತೂಗುವಾಗ ಹೆಣ್ಣಾಳೊಬ್ಬಳು ತೋಟದ ಲೆಕ್ಕ ಬರೆಯುವ ರೈಟರ್ ಎದುರು ಅನ್ಯಾಯದ ಬಗ್ಗೆ ದೀರ್ಘವಾಗಿ ಮಾತಾಡುವ ದೃಶ್ಯವಿತ್ತು. ತೂಕದ ಹೊತ್ತಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಎಲ್ಲರ ಕಣ್ಣೂ ತಕ್ಕಡಿಯ ಮೇಲಿರುತ್ತದೆ, ಜಗಳವೇನಿದ್ದರೂ ರಾತ್ರಿ ಒಲೆಯ ಮುಂದೆ ಎಂದು ಹಣ್ಣು ಕೊಯ್ದು ಗೊತ್ತಿದ್ದವರು ಹೇಳಿದ ಮೇಲೆ ಆ ಮಾತು ಅಡುಗೆ ಮನೆಗೆ ಹೋಯಿತು, ಗಂಡನನ್ನು ಕುರಿತದ್ದಾಯಿತು.

ಹೀಗೆ ಓದಲು ಬರುವವರಿಗೆ ತಂಡ ಹಣ ಕೊಡಬೇಕು. ದಿನಗೂಲಿಯವರು ಓದಿಗೆ ಬಂದರೆ ಆ ದಿನದ ಕೂಲಿ ತಪ್ಪುತ್ತದೆ. ಕೂಲಿಗೆ ಸಮನಾದ ಮೊತ್ತ, ಬಸ್ ಚಾರ್ಜು, ಊಟ ಇಷ್ಟನ್ನು ಆಯವ್ಯಯದ ಮೊದಲ ಸಾಲಿನಲ್ಲಿ ಬರೆಯಬೇಕು. ರಂಗಸಜ್ಜಿಕೆಯ ಹಣದಲ್ಲಿ ಉಳಿದದ್ದನ್ನು ಇದಕ್ಕೆ ಕೊಡೋಣ ಎಂದರೆ ಉಳಿಯುವುದೇ ಇಲ್ಲ. ವೇಳಾಪಟ್ಟಿಯೂ ಜನರ ಬದುಕಿಗೆ ಹೊಂದಬೇಕು. ನವೆಂಬರಿನಿಂದ ಫೆಬ್ರುವರಿವರೆಗೆ ಕಾಫಿ ಕೊಯ್ಲು, ಬಯಲುಸೀಮೆಯಲ್ಲಿ ಅದೇ ಕಾಲದ ಆದಿಯಲ್ಲಿ ರಾಗಿ ಕೊಯ್ಲು. ಆಗ ಓದು ಕರೆದರೆ ಬರುವವರು ಪೇಟೆಯವರು ಮಾತ್ರ. ಹೀಗಾಗಿ ನಾನು ಓದುಗಳನ್ನು ಮಳೆಗಾಲಕ್ಕೆ, ತಾಲೀಮನ್ನು ಕೊಯ್ಲು ಮುಗಿದ ಮೇಲೆ, ಪ್ರದರ್ಶನಗಳನ್ನು ಮಾರ್ಚ್ ನಂತರಕ್ಕೆ ಇಟ್ಟುಕೊಳ್ಳಲು ಸಲಹೆ ಕೊಡುತ್ತೇನೆ. ರಂಜಾನ್ ತಿಂಗಳ ಸಂಜೆಗಳು, ತಾಂಡಾದ ಹಬ್ಬಗಳು, ಹೆಣ್ಣುಮಕ್ಕಳು ಹಿಡಿಯಬೇಕಾದ ಕೊನೆಯ ಬಸ್ಸು, ಇವೆಲ್ಲ ಆ ಪಟ್ಟಿಯಲ್ಲಿರಬೇಕು. ತಾಲೀಮಿನ ಜಾಗದಲ್ಲಿ ಮಗುವನ್ನು ನೋಡಿಕೊಳ್ಳಲು ಒಬ್ಬರಿದ್ದರೆ ತಂಡಕ್ಕೆ ಇಬ್ಬರು ನಟಿಯರು ಹೆಚ್ಚಾಗಿ ದಕ್ಕುತ್ತಾರೆ.

ಪ್ರೇಕ್ಷಕರಿಗೆ ಅರ್ಥವಾಗುತ್ತದೆಯೇ ಎಂಬ ಆತಂಕ ಹಲವು ಭಾಷೆಗಳ ನಾಟಕವನ್ನು ಕಟ್ಟುವವರಿಗೆಲ್ಲ ಇರುತ್ತದೆ. ಪರದೆಯ ಮೇಲೆ ಅನುವಾದ ತೋರಿಸಲು ಹಾಸನಾಂಬ ಕಲಾಕ್ಷೇತ್ರದಲ್ಲಿಯೋ ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಲ್ಲಿಯೋ ಅನುಕೂಲವಾದೀತು, ಶಾಲೆಯ ಅಂಗಳದಲ್ಲಿ ಆಗದು. ಇದಕ್ಕೆ ನಮ್ಮ ಬಯಲುಸೀಮೆಯ ಬಯಲಾಟವಾದ ಮೂಡಲಪಾಯದಲ್ಲಿಯೇ ಪರಿಹಾರವಿದೆ. ಅಲ್ಲಿ ಪಾತ್ರ ರಂಗಕ್ಕೆ ಬಂದಾಗ ಸಾರಥಿ ಪ್ರಶ್ನೆ ಹಾಕಿ, ಯಾರು, ಎಲ್ಲಿಂದ, ಯಾಕೆ ಬಂದದ್ದು ಎಂಬುದನ್ನು ಅದರ ಬಾಯಿಂದಲೇ ಹೊರಡಿಸುತ್ತಾನೆ. ಲಂಬಾಣಿಯಲ್ಲಿ ಅಜ್ಜಿ ಹೇಳಿದ್ದನ್ನು ಮೊಮ್ಮಗ ಕನ್ನಡದಲ್ಲಿ ಪ್ರಶ್ನೆಯಾಗಿ ತಿರುಗಿಸಿ ಕೇಳಿದರೆ, ಅವನ ಅಸಹನೆಯೂ ಅವಳ ಮಾತಿನ ಅರ್ಥವೂ ಒಟ್ಟಿಗೆ ತಿಳಿಯುತ್ತವೆ. ಎಲ್ಲ ಮಾತಿಗೂ ಹೀಗೆ ಮಾಡಬೇಕಾಗಿಲ್ಲ. ಹಾಡು, ಬೈಗುಳ, ಲಾಲಿ ಅನುವಾದವಿಲ್ಲದೆ ಮುಟ್ಟುತ್ತವೆ.

ಪಾತ್ರ ಹಂಚಿಕೆಯಲ್ಲಿ ಒಂದು ಅಭ್ಯಾಸದ ಬಗ್ಗೆ ನನಗೆ ತೀವ್ರವಾದ ಆಕ್ಷೇಪವಿದೆ. ಮುಸ್ಲಿಂ ನಟನಿಗೆ ಯಾವಾಗಲೂ ಮುಸ್ಲಿಂ ಪಾತ್ರ, ಹಕ್ಕಿಪಿಕ್ಕಿ ಹುಡುಗಿಗೆ ಕುಣಿತ, ದಲಿತ ಕಲಾವಿದನಿಗೆ ತಮಟೆ ಎಂದು ಗೊತ್ತುಮಾಡಿಕೊಂಡ ತಂಡ ಕಲಾವಿದರನ್ನು ಬೆಳೆಸುತ್ತಿಲ್ಲ, ಬಳಸುತ್ತಿದೆ. ತನ್ನ ಸಮುದಾಯದ ಕಥೆಯನ್ನು ಹೇಳುವ ಹಕ್ಕಿನಷ್ಟೇ, ಅದನ್ನು ಬಿಟ್ಟು ಒಬ್ಬ ರಾಜನನ್ನೋ ಗುಮಾಸ್ತನನ್ನೋ ಅಭಿನಯಿಸುವ ಹಕ್ಕೂ ಆ ನಟನಿಗಿದೆ. ಬರೆಯುವವರಿಗೂ ಇದೇ ಮಾತು ಸಲ್ಲುತ್ತದೆ; ತಾಂಡಾದಿಂದ ಬಂದ ಬರಹಗಾರ್ತಿ ಬ್ಯಾಂಕಿನ ಸಾಲದ ಬಗ್ಗೆ ಪ್ರಹಸನ ಬರೆಯಬಯಸಿದರೆ, ವಲಸೆಯ ದುಃಖವನ್ನೇ ಬರೆಯಿರಿ ಎಂದು ಒತ್ತಾಯಿಸುವುದು ಅನ್ಯಾಯ.

ಹಕ್ಕಿನ ವಿಷಯವನ್ನು ಕಾಗದದ ಮೇಲೆ ತರಲು ನಮ್ಮ ತಂಡಗಳು ಹಿಂಜರಿಯುತ್ತವೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನಾಟಕದ ಹಕ್ಕು ಬರೆದವರ ಜೀವಿತಾವಧಿ ಮತ್ತು ನಂತರದ 60 ವರ್ಷಗಳವರೆಗೆ ಇರುತ್ತದೆ. ಜಂಟಿಯಾಗಿ ಬರೆದಿದ್ದರೆ ಕೊನೆಯವರ ಮರಣದಿಂದ ಆ ಲೆಕ್ಕ. ಹವ್ಯಾಸಿ ಸಂಘವೊಂದು ಹಣ ಪಡೆಯದೆ ಪ್ರೇಕ್ಷಕರಿಗೆ ಪ್ರದರ್ಶಿಸಿದರೆ ವಿನಾಯಿತಿ ಇದೆ; ಆದರೆ ಟಿಕೆಟ್ ಇಟ್ಟ ಕ್ಷಣದಿಂದ ಅನುಮತಿ ಬೇಕು. ಓದಿನಲ್ಲಿ ಹಲವರು ಸೇರಿ ಬೆಳೆಸಿದ ನಾಟಕದಲ್ಲಿ ಲೇಖಕರು ಯಾರು, ಸಹಲೇಖಕರು ಯಾರು, ಪ್ರತಿ ಪ್ರದರ್ಶನಕ್ಕೆ ಯಾರಿಗೆ ಎಷ್ಟು ಗೌರವಧನ ಎಂಬುದನ್ನು ಮೊದಲ ಓದಿಗೆ ಮುಂಚೆಯೇ ಬರೆದು ಸಹಿ ಹಾಕಿಸಬೇಕು. ಅಜ್ಜಿಯೊಬ್ಬರ ಬಾಯಿಂದ ಧ್ವನಿಮುದ್ರಿಸಿಕೊಂಡ ಹಾಡು ಪಾರಂಪರಿಕವಾಗಿದ್ದು ಅದಕ್ಕೆ ಕಾನೂನಿನ ಒಡೆಯರಿಲ್ಲದಿರಬಹುದು; ಆದರೂ ಆಕೆಯ ಒಪ್ಪಿಗೆ ಪಡೆದು, ಹೆಸರು ಹಾಕಲೇ ಎಂದು ಕೇಳಿ, ಸಂಭಾವನೆ ಕೊಡುವುದನ್ನು ನಾನು ನಿಯಮವಾಗಿ ಇಟ್ಟುಕೊಂಡಿದ್ದೇನೆ. ಉಳಿದ ಲೆಕ್ಕಪತ್ರ ಕಷ್ಟದ್ದಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ಸಂಘ ನೋಂದಾಯಿಸಲು ಏಳು ಜನ ಸಾಕು. 500 ರೂಪಾಯಿವರೆಗಿನ ನಾಟಕದ ಟಿಕೆಟ್‌ಗೆ ಜಿಎಸ್‌ಟಿ ಇಲ್ಲ. ಆದರೆ ಸಂಘ ನೋಂದಾಯಿಸುವ ಆ ಏಳು ಜನ ಒಂದೇ ಬೀದಿಯವರಾಗಬಾರದು, ಏಕೆಂದರೆ ಮುಂದಿನ ನಾಟಕ ಯಾವುದೆಂದು ತೀರ್ಮಾನವಾಗುವುದು ಅವರ ಸಮಿತಿಯಲ್ಲಿ.

ಹೊಸ ನಾಟಕಗಳು ಬಹುಪಾಲು ಮೊದಲ ಪ್ರದರ್ಶನದ ಮರುದಿನವೇ ಮರೆಯಾಗುತ್ತವೆ. ಅಷ್ಟು ಓದು, ಅಷ್ಟು ತಿದ್ದುಪಡಿಗಳಿಂದ ಬಂದ ಪಠ್ಯ ನಿರ್ದೇಶಕರ ಚೀಲದಲ್ಲಿ ಗೀಟು ಹಾಕಿದ ಪ್ರತಿಯಾಗಿ ಉಳಿಯುತ್ತದೆ. ಪ್ರದರ್ಶನ ಮುಗಿದ ತಿಂಗಳೊಳಗೆ ಅಂತಿಮ ಪಠ್ಯವನ್ನು ಟೈಪ್ ಮಾಡಿಸಿ, ಹಾಡುಗಳ ಮಟ್ಟನ್ನೂ ವಾಗ್ರಿ, ಲಂಬಾಣಿ, ದಖನಿ ಮಾತುಗಳ ಉಚ್ಚಾರವನ್ನೂ ಆಯಾ ಮನೆಮಾತಿನವರ ಧ್ವನಿಯಲ್ಲೇ ಮುದ್ರಿಸಿ ಜೊತೆಗಿಡಬೇಕು. ಅನುಮತಿ ಕೇಳಲು ಬರಹಗಾರರನ್ನು ಹೇಗೆ ಸಂಪರ್ಕಿಸಬೇಕೆಂಬುದನ್ನು ಮೊದಲ ಪುಟದಲ್ಲಿ ಹಾಕಬೇಕು. ಹಾಗಿದ್ದಾಗ ತರೀಕೆರೆಯ ಕಾಲೇಜು ತಂಡವೋ ಆಲೂರಿನ ಯುವಕ ಸಂಘವೋ ಅದನ್ನು ಎತ್ತಿಕೊಂಡು ತಮ್ಮದೇ ನಟರೊಂದಿಗೆ ಆಡಬಲ್ಲವು, ಬರೆದವರಿಗೆ ಎರಡನೆಯ ಪ್ರಯೋಗದ ಗೌರವಧನವೂ ಸೇರುತ್ತದೆ. ಈಗ ನಮ್ಮ ತಂಡದ ಆಯವ್ಯಯದಲ್ಲಿ ಓದಿನ ಖರ್ಚಿನ ಕೆಳಗೆ ಈ ದಾಖಲಾತಿಗೂ ಒಂದು ಸಾಲು ಇಟ್ಟಿದ್ದೇವೆ. ಸಜ್ಜಿಕೆ, ಬೆಳಕು, ಬ್ಯಾನರುಗಳ ಲೆಕ್ಕ ಅದರ ನಂತರ ಬರುತ್ತದೆ.