ಸ್ವಾಪ್ ನೋಡಿ ಬೆವರುವವರಿಗೆ

"ಸರ್, 16 ಜಿಬಿ ರ‍್ಯಾಮ್ ಇದೆ, ಖಾಲಿ ಇರೋದು ಬರೀ 400 ಎಂಬಿ. ಸ್ವಾಪ್ ಬೇರೆ 2 ಜಿಬಿ ತಿಂದಿದೆ. ಇನ್ನೊಂದು ರ‍್ಯಾಮ್ ಹಾಕಿಸಲಾ?" ವಾರಕ್ಕೆ ಒಬ್ಬರಾದರೂ ಹೀಗೆ ಫೋನ್ ಮಾಡುತ್ತಾರೆ. ಸ್ವಾಪ್ ಅಂದರೆ ರ‍್ಯಾಮ್‌ನಲ್ಲಿದ್ದುದನ್ನು ಎತ್ತಿಡಲು ಡಿಸ್ಕಿನಲ್ಲಿ ಮೀಸಲಿಟ್ಟ ಜಾಗ. ಕಂಪ್ಯೂಟರ್ ನಿಧಾನ ಆಗಿದೆಯಾ ಅಂತ ಕೇಳುತ್ತೇನೆ. "ಇಲ್ಲ ಸರ್, ಚೆನ್ನಾಗೇ ಇದೆ. ಆದ್ರೂ..." ಈ 'ಆದ್ರೂ'ಗೆ ನನ್ನ ಹತ್ತಿರ ಮದ್ದಿಲ್ಲ.

ಲಿನಕ್ಸ್‌ನಲ್ಲಿ 'ಫ್ರೀ' ಕಮಾಂಡ್ ಕೊಟ್ಟರೆ 'ಫ್ರೀ' ಅಂತ ಒಂದು ಕಾಲಂ, 'ಅವೈಲಬಲ್' ಅಂತ ಇನ್ನೊಂದು ಬರುತ್ತದೆ. ನೋಡಬೇಕಾದ್ದು ಎರಡನೆಯದನ್ನು, ಅಂದರೆ ಪ್ರೋಗ್ರಾಂಗಳಿಗೆ ನಿಜವಾಗಿ ಸಿಗಬಹುದಾದ ಜಾಗವನ್ನು. ಸುಮ್ನೆ ಖಾಲಿ ಬಿದ್ದ ರ‍್ಯಾಮ್‌ನಿಂದ ಯಾರಿಗೂ ಲಾಭವಿಲ್ಲ. ಅದಕ್ಕೇ ಕರ್ನಲ್ (ಸಿಸ್ಟಮ್‌ನ ತಿರುಳು, ಮೆಮೊರಿ ಹಂಚುವುದು ಇದೇ) ಒಮ್ಮೆ ಓದಿದ ಫೈಲುಗಳನ್ನು ಅಲ್ಲೇ ಕ್ಯಾಶ್ ಆಗಿ ಇಟ್ಟುಕೊಳ್ಳುತ್ತದೆ. ಪ್ರೋಗ್ರಾಂ ಜಾಗ ಕೇಳಿದರೆ ಬಿಟ್ಟುಕೊಡುತ್ತದೆ.

ಸ್ವಾಪ್ ಕಥೆಯೂ ಅಷ್ಟೇ. ಬೆಳಿಗ್ಗೆ ತೆರೆದು ಆಮೇಲೆ ಮುಟ್ಟದ ಪ್ರೋಗ್ರಾಂನ ಭಾಗಗಳನ್ನು ಕರ್ನಲ್ ಯಾವಾಗಲೋ ಡಿಸ್ಕಿಗೆ ಕಳಿಸಿರುತ್ತದೆ. ಮತ್ತೆ ಬೇಕಾಗುವವರೆಗೆ ಅವು ಅಲ್ಲೇ ಕೂತಿರುತ್ತವೆ, ರ‍್ಯಾಮ್ ಬಿಡುವಾದ ಮೇಲೂ. ಅಟ್ಟದ ಮೇಲೆ ಎಷ್ಟಾದರೂ ಸಾಮಾನು ಇರಲಿ, ದಿನವಿಡೀ ಏಣಿ ಹತ್ತಿ ಇಳಿಯುತ್ತಿದ್ದರೆ ತಾನೇ ತಾಪತ್ರಯ? ಆ ಹತ್ತಿ ಇಳಿಯುವುದನ್ನು ಎಣಿಸಲು 'ವಿಎಂಸ್ಟ್ಯಾಟ್ 1' ಕೊಟ್ಟು 'ಎಸ್‌ಐ', 'ಎಸ್‌ಒ' ಕಾಲಂ ನೋಡಿ. ಸೆಕೆಂಡಿಗೊಂದು ಸಾಲು ಬರುತ್ತದೆ; ಮೊದಲನೆಯ ಕಾಲಂ ಸ್ವಾಪಿನಿಂದ ರ‍್ಯಾಮ್‌ಗೆ ಬಂದದ್ದು, ಎರಡನೆಯದು ರ‍್ಯಾಮ್‌ನಿಂದ ಸ್ವಾಪಿಗೆ ಹೋದದ್ದು. ಮೊದಲ ಸಾಲನ್ನು ಬಿಟ್ಟುಬಿಡಿ, ಅದು ಕಂಪ್ಯೂಟರ್ ಶುರುವಾದಾಗಿನಿಂದ ಇರುವ ಸರಾಸರಿ. ಮಷಿನ್ ತೆವಳುತ್ತಿರುವಾಗಲೇ ನೋಡಬೇಕು, ಸರಿಹೋದ ಮೇಲೆ ನೋಡಿ ಏನು ಪ್ರಯೋಜನ? ಎರಡೂ ಸೊನ್ನೆಯ ಆಸುಪಾಸಿನಲ್ಲಿದ್ದರೆ ಸ್ವಾಪ್ ಮರೆತುಬಿಡಿ. ದೊಡ್ಡ ಸಂಖ್ಯೆಗಳು ಬಿಡದೆ ಓಡುತ್ತಿದ್ದರೆ ಮೆಮೊರಿ ಸಾಲುತ್ತಿಲ್ಲ ಅಂತ ಬಹುಮಟ್ಟಿಗೆ ಹೇಳಬಹುದು. ಝಡ್‌ರ‍್ಯಾಮ್ ಇದ್ದವರಿಗೆ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಸ್ವಾಪ್ ಅನ್ನುವುದೇ ರ‍್ಯಾಮ್ ಒಳಗೆ ಕುಗ್ಗಿಸಿಟ್ಟ ಗಂಟು.

ಒಬ್ಬರು ಹತ್ತು ನಿಮಿಷಕ್ಕೊಮ್ಮೆ ಕ್ಯಾಶ್ ಖಾಲಿ ಮಾಡುವ ಸ್ಕ್ರಿಪ್ಟ್ ಹಾಕಿಕೊಂಡಿದ್ದರು. 'ಫ್ರೀ' ಸಂಖ್ಯೆ ನೋಡಿ ಅವರಿಗೆ ಬಲು ಖುಷಿ. ಪ್ರತಿ ಸಲವೂ ಅವೇ ಫೈಲುಗಳನ್ನು ಡಿಸ್ಕಿನಿಂದ ಮತ್ತೆ ಓದಿ ಮಷಿನ್ ಸುಸ್ತಾಗುತ್ತಿತ್ತು. ಸ್ಕ್ರಿಪ್ಟ್ ತೆಗೆದದ್ದೇ ನನ್ನ ರಿಪೇರಿ. ಸ್ವಾಪನ್ನೇ ಆಫ್ ಮಾಡುವವರೂ ಇದ್ದಾರೆ. ಆಗ ಎತ್ತಿಡಲು ಜಾಗವಿಲ್ಲದೆ ಮೆಮೊರಿ ಪೂರ್ತಿ ತೀರಿದ ದಿನ ಕರ್ನಲ್ ಯಾವುದಾದರೂ ಪ್ರೋಗ್ರಾಂ ಕೊಲ್ಲಲೇಬೇಕು. ಸಾಮಾನ್ಯವಾಗಿ ಅತಿ ಜಾಸ್ತಿ ಮೆಮೊರಿ ಹಿಡಿದದ್ದನ್ನೇ ಕೊಲ್ಲುತ್ತದೆ, ಅದು ನೀವು ಕೆಲಸ ಮಾಡುತ್ತಿದ್ದುದೇ ಆಗಿರಬಹುದು.

ಹಾಗಂತ ದೂರುಗಳೆಲ್ಲ ಸುಳ್ಳಲ್ಲ. ಒಬ್ಬ ಹುಡುಗಿಯ 8 ಜಿಬಿ ಮಷಿನ್ ನನ್ನನ್ನು ಅರ್ಧ ದಿನ ಆಡಿಸಿತ್ತು. ಅವೈಲಬಲ್ ನಿಜಕ್ಕೂ ತಳ ಕಂಡಿತ್ತು, ಎಸ್‌ಐ, ಎಸ್‌ಒ ಎರಡೂ ಓಡುತ್ತಿದ್ದವು. ಆದರೆ 'ಟಾಪ್' ಕಮಾಂಡ್‌ನಲ್ಲಿ ಕಾಣುವ ಪ್ರೋಗ್ರಾಂಗಳನ್ನೆಲ್ಲ ಕೂಡಿಸಿದರೂ 4 ಜಿಬಿ ದಾಟುತ್ತಿರಲಿಲ್ಲ. ಉಳಿದದ್ದು ಎಲ್ಲಿ ಹೋಯಿತು? ಕೊನೆಗೆ 'ಫ್ರೀ'ಯ 'ಶೇರ್ಡ್' ಕಾಲಂ ಉಬ್ಬಿರುವುದು ಕಣ್ಣಿಗೆ ಬಿತ್ತು. ರ‍್ಯಾಮ್‌ನಲ್ಲೇ ಇಟ್ಟ ಫೈಲುಗಳ ಲೆಕ್ಕ ಸೇರುವುದು ಅಲ್ಲೇ. ಅವಳ ಸಿಸ್ಟಮ್‌ನಲ್ಲಿ 'ಟಿಎಂಪಿ' (ತಾತ್ಕಾಲಿಕ ಫೈಲುಗಳ) ಫೋಲ್ಡರ್ ಡಿಸ್ಕಿನ ಮೇಲೆ ಇರಲೇ ಇಲ್ಲ, ಟಿಎಂಪಿಎಫ್‌ಎಸ್ ಆಗಿ ರ‍್ಯಾಮ್‌ನಲ್ಲಿತ್ತು. ಎಡಿಟ್ ಮಾಡುವ ವಿಡಿಯೋಗಳನ್ನು ತಾತ್ಕಾಲಿಕವಾಗಿ ಇರಲಿ ಅಂತ ಅಲ್ಲೇ ತುಂಬಿದ್ದಳು. ಪ್ರೋಗ್ರಾಂ ಮುಚ್ಚಿದರೂ ಫೈಲ್ ಹೋಗುವುದಿಲ್ಲ, ಅಲ್ವಾ?

ಅವನ್ನು ಹೋಮ್ ಫೋಲ್ಡರಿಗೆ ಸಾಗಿಸಿದ ಕೂಡಲೇ ಮಷಿನ್ ಉಸಿರಾಡಿತು. "ಹಾಗಾದ್ರೆ ಹೊಸ ರ‍್ಯಾಮ್ ಬೇಡ್ವಾ ಸರ್?" ಅಂತ ಕೇಳಿದಳು, ಸ್ವಲ್ಪ ಬೇಸರದಲ್ಲೇ.