ಒಂದು ಬೆರಳಗಲದ ಅಂತರ

ಎಡವಿ ಬಿದ್ದವರಿಗೆ ಕೈ ಕೊಟ್ಟು ಎಬ್ಬಿಸುವ ಮೊದಲೇ ಬೈಗುಳ ಸಿಗುತ್ತದೆ: ‘ಕಣ್ಣು ಎಲ್ಲಿತ್ತು?’ ಈ ಮಾತು ಕೇಳಿದರೆ ನನಗೆ ರೇಗುತ್ತದೆ. ಕಣ್ಣು ಇರಬೇಕಾದಲ್ಲೇ ಇತ್ತು, ಕೆಲವು ಹೆಜ್ಜೆ ಮುಂದೆ. ಹಿಂದಿನ ಕಾಲು ಚಪ್ಪಡಿಯ ಅಂಚನ್ನು ದಾಟುವ ಹೊತ್ತಿಗೆ ಆ ಅಂಚು ನೋಟದಿಂದ ಮರೆಯಾಗಿರುತ್ತದೆ.

ನಡೆಯುವಾಗ ಪಾದ ನೆಲದಿಂದ ಎಷ್ಟು ಮೇಲಿರುತ್ತದೆ? ನಾಲ್ಕು ಬೆರಳು ಎನ್ನುವವರೇ ಹೆಚ್ಚು. ಸಮತಟ್ಟಾದ ನೆಲದಲ್ಲಿ, ಮುಂದಕ್ಕೆ ಬೀಸುವ ಕಾಲಿನ ತುದಿ ಬೀಸಿನ ನಡುವೆ ನೆಲದಿಂದ ಒಂದೆರಡು ಸೆಂಟಿಮೀಟರ್ ಮೇಲೆ ಹಾದುಹೋಗುತ್ತದೆ, ಅಷ್ಟೇ! ದೇಹ ಮಹಾ ಜಿಪುಣ. ದಿನಕ್ಕೆ ಸಾವಿರಾರು ಸಲ ಎತ್ತಬೇಕಾದ ಕಾಲನ್ನು ಅಗತ್ಯಕ್ಕಿಂತ ಮೇಲೆತ್ತಿ ಶಕ್ತಿ ಪೋಲು ಮಾಡುವುದಿಲ್ಲ. ಪಾದ ಅತಿ ಕೆಳಗಿರುವ ಆ ಗಳಿಗೆಯಲ್ಲೇ ಅದರ ವೇಗ ಹೆಚ್ಚುಕಡಿಮೆ ಗರಿಷ್ಠ, ನಡಿಗೆಯ ವೇಗದ ಸುಮಾರು ಮೂರು ಪಟ್ಟು. ಉಯ್ಯಾಲೆಯನ್ನು ನೆನೆಯಿರಿ: ಅತಿ ಕೆಳಗೆ ಬಂದಾಗಲೇ ಅತಿ ಜೋರು. ಗಡಿಯಾರದ ಲೋಲಕವೂ ಹಾಗೆಯೇ. ಅಥವಾ, ನೀರಿಗೆ ರೆಕ್ಕೆ ತಾಗಿತೋ ಇಲ್ಲವೋ ಎನ್ನುವಂತೆ ಕೆರೆಯ ಮೇಲೆ ಸುಯ್ಯನೆ ಹಾದುಹೋಗುವ ಹಕ್ಕಿ.

ಇಷ್ಟು ಸಣ್ಣ ಅಂತರವನ್ನು ಬರಿಗಣ್ಣಿನಿಂದ ಅಳೆಯುವುದು ಅಸಾಧ್ಯ. 1880ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿ ಎಟಿಯೆನ್ ಜೂಲ್ ಮಾರೆ, ಕಪ್ಪು ಉಡುಪಿನವರ ಕೈಕಾಲುಗಳ ಉದ್ದಕ್ಕೂ ಬಿಳಿ ಪಟ್ಟಿ ಹಚ್ಚಿ, ಕಪ್ಪು ಹಿನ್ನೆಲೆಯ ಮುಂದೆ ನಡೆಸಿ, ಒಂದೇ ಫೋಟೋ ಫಲಕದ ಮೇಲೆ ಸಾಲುಸಾಲು ಚಿತ್ರ ಹಿಡಿದರು. ಮನುಷ್ಯ ಮಾಯವಾಗಿ ನಡಿಗೆ ಮಾತ್ರ ಉಳಿಯಿತು. 1891ರಲ್ಲಿ ಜರ್ಮನಿಯ ಲೈಪ್ಜಿಗ್‌ನ ವಿಜ್ಞಾನಿಗಳಾದ ಬ್ರೌನೆ ಮತ್ತು ಫಿಷರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೈಗೆ ಮಿನುಗುವ ಗಾಜಿನ ನಳಿಗೆಗಳನ್ನು ಕಟ್ಟಿ ಕತ್ತಲಲ್ಲಿ ನಡೆಸಿದರು. ಇಂದಿನ ನಡಿಗೆ ಪ್ರಯೋಗಾಲಯಗಳು ಇವರ ಮೊಮ್ಮಕ್ಕಳು.

ಪಾದ ನೆಲಕ್ಕೆ ಇಷ್ಟು ಹತ್ತಿರ ಹಾದುಹೋಗುವುದರಿಂದ, ಮನೆಯಲ್ಲಿ ಅಪಾಯಕಾರಿಯಾದದ್ದು ದೊಡ್ಡ ಅಡ್ಡಿಯಲ್ಲ. ದಾರಿಗಡ್ಡ ಇಟ್ಟ ಸ್ಟೂಲನ್ನು ಎಲ್ಲರೂ ಸುತ್ತಿಕೊಂಡು ಹೋಗುತ್ತಾರೆ. ಮೂಲೆ ಮುದುಡಿದ ಕಾಲೊರಸು, ಅಂಗಳದಲ್ಲಿ ಬೇರು ಎಬ್ಬಿಸಿದ ಕಲ್ಲು, ಉಳಿದವುಗಳಿಗಿಂತ ತುಸುವೇ ಎತ್ತರದ ಒಂದು ಮೆಟ್ಟಿಲು: ಕೆಡಹುವುದು ಇವೇ. ಮೊದಲ ಒಂದೆರಡು ಮೆಟ್ಟಿಲುಗಳಲ್ಲೇ ಕಾಲು ಎತ್ತರವನ್ನು ಬಾಯಿಪಾಠ ಮಾಡಿಕೊಂಡಿರುತ್ತದೆ. ವಯಸ್ಸಾದಂತೆ ಪಾದಕ್ಕೂ ನೆಲಕ್ಕೂ ನಡುವಿನ ಅಂತರ ಹೆಜ್ಜೆಯಿಂದ ಹೆಜ್ಜೆಗೆ ಹೆಚ್ಚು ಏರುಪೇರಾಗುತ್ತದೆ. ಮುಗ್ಗರಿಸಿದ ದೇಹವನ್ನು ಹಿಡಿಯಲು ಇನ್ನೊಂದು ಕಾಲು ಮುಂದೆ ಬರುವುದೂ ತಡವಾಗುತ್ತದೆ. ಬೀಳುವಿಕೆಯಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಇವರಲ್ಲಿ ಜಾರಿದವರೂ ಸೇರಿದ್ದಾರೆ, ಆದರೆ ಜಾರುವುದು ಘರ್ಷಣೆಯ ಕಥೆ, ಅದು ಬೇರೆಯೇ.

ನಮ್ಮ ಮನೆಯ ಎರಡು ಕೋಣೆಗಳ ನಡುವೆ ನೆಲದ ಮಟ್ಟ ಬದಲಾಗುವಲ್ಲಿ ಒಂದು ಪಟ್ಟಿಯಿದೆ. ಅದರ ಮೇಲೆ ನಾನೇ ಹಲವು ಸಲ ಎಡವಿದ್ದೇನೆ. ಕೊನೆಗೊಮ್ಮೆ ಸ್ಕೇಲು ಹಿಡಿದು ಅಳೆದೆ: ಹದಿನಾಲ್ಕು ಮಿಲಿಮೀಟರ್. ಹೆಬ್ಬೆರಳಿಗೆ ಹೇಳಿ ಮಾಡಿಸಿದ ಬಲೆ. ಈಗ ಅದರ ಪಕ್ಕಕ್ಕೆ ಇಳಿಜಾರಾಗಿ ಕೆತ್ತಿದ ಮರದ ತುಂಡೊಂದನ್ನು ಕೂರಿಸಿ, ಹಳದಿ ಬಣ್ಣ ಬಳಿದಿದ್ದೇನೆ. ಬಂದವರೆಲ್ಲ ಆ ಬಣ್ಣವನ್ನು ಆಡಿಕೊಳ್ಳುತ್ತಾರೆ, ಆಡಿಕೊಳ್ಳುತ್ತಲೇ ಸಲೀಸಾಗಿ ದಾಟಿಹೋಗುತ್ತಾರೆ.